ನಾವು ಹೋದ ಮೇಲೆ ನಾಯಿಗೆ ಊಟ ಹಾಕು

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಕೊಕ್ಕೆಯಲ್ಲಿ ಹತ್ತು ವರ್ಷಗಳಿಂದ ಒಂದು ಬೀಗದ ಕೈ ನೇತಾಡುತ್ತಿದೆ. ನಮ್ಮದಲ್ಲ, ನೆರೆಮನೆಯದು. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗುವುದು ಮಂಗಳೂರಿನಲ್ಲೂ ಇದ್ದದ್ದೇ, ಡಲ್ಲಾಸ್ ಹೊರವಲಯದ ಈ ಬಡಾವಣೆಯಲ್ಲೂ ಇದ್ದದ್ದೇ. ಆದರೆ ಇದನ್ನು ನನ್ನ ಕೈಗಿತ್ತವರು ಹೊರಟು ನಿಂತಿದ್ದದ್ದು ಊರಿಗಲ್ಲ, ಆಕಾಶಕ್ಕೆ.

2015ರ ಸೆಪ್ಟೆಂಬರ್ 27, ಭಾನುವಾರ. ಅಂದು ರಾತ್ರಿ ಇಲ್ಲಿ ಪೂರ್ಣ ಚಂದ್ರಗ್ರಹಣ. ಅಮ್ಮ ಬೆಳಿಗ್ಗೆಯೇ ಫೋನ್ ಮಾಡಿ, ಉಪ್ಪಿನಕಾಯಿ ಭರಣಿಗೂ ನೀರಿನ ಕೊಡಕ್ಕೂ ದರ್ಭೆ ಹಾಕು ಎಂದಿದ್ದಳು. ಇಲ್ಲಿ ಕೊಡವೂ ಇಲ್ಲ, ದರ್ಭೆಯೂ ಇಲ್ಲ ಎಂದರೆ, ಕುಂಡದಲ್ಲಿ ತುಳಸಿ ಇದೆಯಲ್ಲ, ಒಂದು ಎಲೆಯನ್ನಾದರೂ ಹಾಕು, ಹೊರಗೆ ಮಾತ್ರ ಹೋಗಬೇಡ ಎಂದಳು. ಫ್ರಿಜ್ಜಿನೊಳಗಿನ ಹುಳಿಯ ಪಾತ್ರೆಗೆ ಒಂದು ಎಲೆ ಹಾಕಿ, ಒಂಬತ್ತು ಗಂಟೆಗೆ ನೆಟ್ಟಗೆ ಹೊರಗೆ ಹೋದೆ. ಪಕ್ಕದ ಮನೆಯ ಹುಲ್ಲುಹಾಸಿನ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು ಆಕೆ ಕುಳಿತಿದ್ದರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಆಗಲೇ ಎಪ್ಪತ್ತರ ಹತ್ತಿರ. ತೊಡೆಯ ಮೇಲೆ ಬೈಬಲ್, ಕಾಲ ಬುಡದಲ್ಲಿ ಕಂದು ಬಣ್ಣದ ದೊಡ್ಡ ನಾಯಿ. ನನ್ನ ಕಣ್ಣಿಗೆ ಬಿದ್ದದ್ದು ಉಡುಪು. ರಾತ್ರಿಯ ಆ ಹೊತ್ತಿನಲ್ಲಿ ಆಕೆ ಚರ್ಚಿಗೆ ಹೋಗುವ ನೀಲಿ ಗೌನು ತೊಟ್ಟು, ಮುತ್ತಿನ ಸರ ಹಾಕಿ, ತಲೆ ಬಾಚಿ ಕುಳಿತಿದ್ದರು. ಮದುವೆಯ ದಿಬ್ಬಣ ಬರುವುದನ್ನು ಕಾಯುವವರ ಹಾಗೆ.

ಚಂದ್ರ ತಾಮ್ರದ ಹರಿವಾಣದಂತಾದಾಗ ಆಕೆ ವಿವರಿಸಿದರು. 2014ರ ಏಪ್ರಿಲ್‌ನಿಂದ ಇದು ನಾಲ್ಕನೆಯ ಪೂರ್ಣಗ್ರಹಣ. ನಾಲ್ಕೂ ಬಂದದ್ದು ಯೆಹೂದ್ಯರ ಹಬ್ಬಗಳ ದಿನ: ಪಸ್ಕ, ಪರ್ಣಶಾಲೆ, ಮತ್ತೆ ಪಸ್ಕ, ಮತ್ತೆ ಪರ್ಣಶಾಲೆ. ಕರ್ತನ ದಿನ, ಅಂದರೆ ಕೊನೆಯ ತೀರ್ಪಿನ ದಿನ, ಬರುವ ಮೊದಲು ಚಂದ್ರ ರಕ್ತವಾಗುತ್ತಾನೆಂದು ಯೋವೇಲ ಪ್ರವಾದಿ ಹೇಳಿದ್ದಾನೆ. ಸ್ಯಾನ್ ಆಂಟೋನಿಯೋದ ಪಾಸ್ಟರ್ ಜಾನ್ ಹೇಗೀ ಇದರ ಮೇಲೆ ಪುಸ್ತಕವನ್ನೇ ಬರೆದಿದ್ದರು. (ಯೆಹೂದ್ಯರದು ಚಾಂದ್ರಮಾನ ಪಂಚಾಂಗ, ಈ ಎರಡು ಹಬ್ಬಗಳು ಬರುವುದೇ ಹುಣ್ಣಿಮೆಗೆ, ಗ್ರಹಣ ಹಿಡಿಯುವುದೂ ಹುಣ್ಣಿಮೆಗೇ. ಇದನ್ನು ಹೇಳಲು ಬಾಯಿ ತೆರೆದವಳು ಹುಳಿಯೊಳಗಿನ ತುಳಸಿ ನೆನಪಾಗಿ ಸುಮ್ಮನಾದೆ.) ಹತ್ತೂವರೆಯ ಹೊತ್ತಿಗೆ ಬಿಳಿಯ ಅಂಚು ಮತ್ತೆ ಮೂಡಿತು. ಆಕೆ ನಿಟ್ಟುಸಿರೇನೂ ಬಿಡಲಿಲ್ಲ. ಕುರ್ಚಿ ಮಡಚಿ, ಗೌನಿನ ಜೇಬಿನಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು. “ಇವತ್ತಲ್ಲ ಎಂದು ಕಾಣುತ್ತದೆ. ಆದರೆ ಒಂದು ಬೆಳಿಗ್ಗೆ ನಮ್ಮ ಕಾರು ಇಲ್ಲೇ ಇದ್ದು ನಾವು ಇಬ್ಬರೂ ಕಾಣಿಸದಿದ್ದರೆ ಒಳಗೆ ಬಾ ಮಗೂ. ನಾಯಿಗೆ ಊಟ ಹಾಕು.”

ಆಗಲಿ ಎಂದೆ. ಹಾಸಿಗೆಗೆ ಬಂದ ಮೇಲೆ ಅದರ ಅರ್ಥ ಹೊಳೆಯಿತು. ಲೋಕಾಂತ್ಯ ಹತ್ತಿರವಾದಾಗ ನಿಜವಾದ ಭಕ್ತರು ಒಮ್ಮೆಗೇ ಮಾಯವಾಗಿ ಆಕಾಶಕ್ಕೆ ಎತ್ತಲ್ಪಡುತ್ತಾರೆ, ಉಳಿದವರು ಇಲ್ಲೇ ಉಳಿಯುತ್ತಾರೆ ಎಂಬುದು ಆಕೆಯ ನಂಬಿಕೆ. ಆ ಬೆಳಿಗ್ಗೆ ನಾನು ಇಲ್ಲೇ ಇರುತ್ತೇನೆ ಎಂಬುದರಲ್ಲಿ ಆಕೆಗೆ ಕಿಂಚಿತ್ತೂ ಸಂಶಯವಿಲ್ಲ. ಬೀದಿಯ ಇಪ್ಪತ್ತು ಮನೆಗಳಲ್ಲಿ ಅಂದು ಖಂಡಿತ ಮಾಯವಾಗದವಳು ಯಾರೆಂದು ಯೋಚಿಸಿ, ನನ್ನನ್ನು ಆರಿಸಿದ್ದರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆಕೆಗೆ ನಾಯಿಯೆಂದರೆ ಪ್ರಾಣ. ಆ ಪ್ರಾಣವನ್ನು ನನ್ನ ಕೈಗೆ ಒಪ್ಪಿಸಿದ್ದರು. ಕೊಟ್ಟದ್ದು ವಿಶ್ವಾಸವೋ ತೀರ್ಪೋ? ಬೇರೆ ಯಾರದೋ ಪ್ರಸಂಗದಲ್ಲಿ ನನ್ನನ್ನು ಕೇಳದೆಯೇ ನನಗೊಂದು ವೇಷ ಕಟ್ಟಿದ್ದಾರೆ ಎಂಬ ಕಿರಿಕಿರಿ ಅಂದು ಶುರುವಾದದ್ದು ಇಂದಿಗೂ ಹೋಗಿಲ್ಲ.

ಒಂದು ಅಧ್ಯಾಯ, ಮೂರು ಕ್ಯಾಲೆಂಡರು

ಲೋಕಾಂತ್ಯದ ಕುರಿತ ಜಗಳವೆಲ್ಲ ಹುಟ್ಟಿದ್ದು ಬೈಬಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯ ಇಪ್ಪತ್ತನೆಯ ಅಧ್ಯಾಯದಿಂದ. ಸೈತಾನನನ್ನು ಸಾವಿರ ವರ್ಷ ಕಟ್ಟಿಹಾಕಲಾಗುತ್ತದೆ, ಹುತಾತ್ಮರು ಎದ್ದು ಕ್ರಿಸ್ತನೊಂದಿಗೆ ಸಾವಿರ ವರ್ಷ ಆಳುತ್ತಾರೆ. ಏಳು ವಚನಗಳಲ್ಲಿ ‘ಸಾವಿರ ವರ್ಷ’ ಆರು ಸಲ ಬರುತ್ತದೆ, ಬೈಬಲಿನಲ್ಲಿ ಈ ಆಳ್ವಿಕೆಯ ಮಾತು ಬೇರೆಲ್ಲೂ ಹೀಗೆ ಬರುವುದಿಲ್ಲ. ಕ್ರಿಸ್ತ ಬರುವುದು ಆ ಸಾವಿರ ವರ್ಷಕ್ಕೆ ಮೊದಲೋ, ಆಮೇಲೋ, ಅಥವಾ ಅದು ಎಣಿಸುವ ಸಂಖ್ಯೆಯೇ ಅಲ್ಲವೋ? ಕೇಳಿದರೆ ಮಡಿ-ಮೈಲಿಗೆಯ ಕೂದಲು ಸೀಳುವ ತರ್ಕದಂತಿದೆ. ಆದರೆ ಇದಕ್ಕೆ ಕೊಡುವ ಉತ್ತರದ ಮೇಲೆ ಮನುಷ್ಯ ಗಿಡ ನೆಡುತ್ತಾನೋ, ಗಂಟು ಕಟ್ಟುತ್ತಾನೋ ಎಂಬುದು ನಿಂತಿದೆ.

ಐದನೆಯ ಶತಮಾನದಲ್ಲಿ ಕ್ರೈಸ್ತ ಚಿಂತಕ ಅಗಸ್ಟೀನ್ ಕೊಟ್ಟ ಉತ್ತರ, ಸಾವಿರವೆಂದರೆ ಲೆಕ್ಕವಲ್ಲ, ಪೂರ್ಣತೆಯ ಸಂಕೇತ. ಆ ಕಾಲ ಈಗಲೇ ನಡೆಯುತ್ತಿದೆ ಎಂದು. ಕ್ಯಾಥೊಲಿಕರೂ ಆರ್ಥೊಡಾಕ್ಸರೂ ಲೂಥರನ ಕಡೆಯವರೂ ಬಹುಮಟ್ಟಿಗೆ ಅಲ್ಲೇ ನಿಂತಿದ್ದಾರೆ. ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಮಂಗಳೂರಿನ ಕೊಂಕಣಿ ಗೆಳತಿಯನ್ನು ಫೋನಿನಲ್ಲಿ ಕೇಳಿದರೆ ನಕ್ಕುಬಿಟ್ಟಳು. ಹುಟ್ಟಿದಾಗಿನಿಂದ ಇಗರ್ಜಿಗೆ ಹೋಗುತ್ತಿದ್ದೇನೆ, ನಮ್ಮ ಪಾದ್ರಿಗಳು ಹಾಗೆ ಮಾಯವಾಗುವ ವಿಷಯ ಹೇಳಿದ್ದು ಒಂದು ದಿನವೂ ನೆನಪಿಲ್ಲ ಎಂದಳು. ಅಮೆರಿಕದಲ್ಲಿ ‘ಕ್ರೈಸ್ತರ ನಂಬಿಕೆ’ ಎಂದು ಟಿವಿಯಲ್ಲಿ ಕೇಳುವುದು ಕ್ರೈಸ್ತ ಲೋಕದ ಒಂದು ಮೂಲೆಯ ಮಾತು, ದನಿ ದೊಡ್ಡದು ಅಷ್ಟೆ.

ಉಳಿದದ್ದು ಎರಡು. ‘ಮೊದಲು’ ಎನ್ನುವವರ ಪ್ರಕಾರ ಲೋಕ ಕೆಡುತ್ತಾ ಕೆಡುತ್ತಾ ತಳ ಮುಟ್ಟುತ್ತದೆ, ಆಗ ಕ್ರಿಸ್ತ ಇಳಿದು ಬಂದು ಸರಿಮಾಡುತ್ತಾನೆ. ‘ಆಮೇಲೆ’ ಎನ್ನುವವರ ಪ್ರಕಾರ ಭಕ್ತರೇ ಲೋಕವನ್ನು ಸರಿಮಾಡುತ್ತಾ ಹೋಗುತ್ತಾರೆ, ಮನೆ ಗುಡಿಸಿ ಸಾರಿಸಿದ ಮೇಲೆ ಆತ ಬರುತ್ತಾನೆ. 1835ರಲ್ಲಿ ಚಾರ್ಲ್ಸ್ ಫಿನ್ನಿ ಎಂಬ ಬೋಧಕ, ಚರ್ಚು ತನ್ನ ಕರ್ತವ್ಯ ಮಾಡಿದರೆ ಈ ದೇಶಕ್ಕೆ ಮೂರೇ ವರ್ಷದಲ್ಲಿ ಆ ಸುವರ್ಣಕಾಲ ಬರಬಹುದು ಎಂದಿದ್ದರು. ಅವರು ಪಾಠ ಹೇಳಿದ ಓಬರ್ಲಿನ್ ಕಾಲೇಜು ಅದೇ ವರ್ಷ ಕರಿಯರಿಗೂ, ಎರಡು ವರ್ಷ ಬಿಟ್ಟು ಹೆಂಗಸರಿಗೂ ಪದವಿ ತರಗತಿಯ ಬಾಗಿಲು ತೆರೆಯಿತು. ಗುಲಾಮಗಿರಿಯ ವಿರುದ್ಧ ನಿಂತ ಎಷ್ಟೋ ಮಂದಿ ಈ ಆಶಾವಾದದಿಂದ ಬಂದವರು. ಅಂತರ್ಯುದ್ಧ ಆರು ಲಕ್ಷಕ್ಕೂ ಮಿಕ್ಕಿ ಜನರನ್ನು ನುಂಗಿದ ಮೇಲೆ, ಲೋಕ ಸುಧಾರಿಸುತ್ತಿದೆ ಎಂದು ಹೇಳುವ ಬಾಯಿಗಳು ಕಡಿಮೆಯಾದವು. ಆ ಶತಮಾನದ ಕೊನೆಗೆ ಡ್ವೈಟ್ ಮೂಡಿ ಎಂಬ ಮತ್ತೊಬ್ಬ ದೊಡ್ಡ ಬೋಧಕರಿಗೆ ಲೋಕ ಒಡೆದ ಹಡಗಾಗಿ ಕಂಡಿತು. ದೇವರು ತಮ್ಮ ಕೈಗೊಂದು ಜೀವರಕ್ಷಕ ದೋಣಿ ಕೊಟ್ಟಿದ್ದಾನೆ, ಆದಷ್ಟು ಜನರನ್ನು ಹತ್ತಿಸಿಕೊಳ್ಳುವುದೊಂದೇ ಕೆಲಸ. ಒಡೆದ ಹಡಗಿಗೆ ಬಣ್ಣ ಬಳಿಯುವವರು ಯಾರು?

ವಚನ ಯಾವುದು, ಅಡಿಟಿಪ್ಪಣಿ ಯಾವುದು

ನೆರೆಮನೆಯಾಕೆಯ ಬೈಬಲನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿದ್ದೇನೆ. ಚರ್ಮದ ಹೊದಿಕೆ ಅಂಚಿನಲ್ಲಿ ಸವೆದು ಬಟ್ಟೆಯಂತಾಗಿದೆ. ಪುಟದ ತುಂಬ ಕೆಂಪು, ಹಸಿರು ಪೆನ್ಸಿಲ್ ಗೆರೆ. ಯೆಹೆಜ್ಕೇಲನ ಮೂವತ್ತೇಳನೆಯ ಅಧ್ಯಾಯದ ಪಕ್ಕ 1948 ಎಂದು, ಲೂಕನ ಇಪ್ಪತ್ತೊಂದರ ಪಕ್ಕ 1967 ಎಂದು ಆಕೆಯ ಅಪ್ಪನ ಕೈಬರಹ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪುಟದ ಕೆಳಗಿನ ಅಚ್ಚಾದ ಟಿಪ್ಪಣಿಗಳು. ಕೆಲವು ಪುಟಗಳಲ್ಲಿ ದೇವರ ಮಾತಿಗಿಂತ ಅವೇ ಹೆಚ್ಚು. ಎರಡೂ ಒಂದೇ ಕಾಗದ, ಒಂದೇ ಶಾಯಿ, ಒಂದೇ ಗಂಭೀರ ಧಾಟಿ. ಆಕೆ ‘ಬೈಬಲ್ ಹೇಳುತ್ತದೆ’ ಎಂದು ನನಗೆ ಹೇಳಿದ್ದ ಮಾತುಗಳಲ್ಲಿ ಅರ್ಧದಷ್ಟು ಇದ್ದದ್ದು ಅಡಿಯಲ್ಲಿ.

ಅದು ಸ್ಕೋಫೀಲ್ಡ್ ಬೈಬಲ್, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಿಂದ 1909ರಲ್ಲಿ ಮೊದಲು ಬಂದದ್ದು. ಸೈರಸ್ ಸ್ಕೋಫೀಲ್ಡ್ ಕಾನ್ಸಸ್‌ನಲ್ಲಿ ವಕೀಲರಾಗಿದ್ದು, 1882ರಲ್ಲಿ ಇದೇ ಡಲ್ಲಾಸಿಗೆ ಪಾಸ್ಟರ್ ಆಗಿ ಬಂದವರು. ಟಿಪ್ಪಣಿಗಳ ಚೌಕಟ್ಟು ಸ್ವಂತದ್ದಲ್ಲ. ಐರ್ಲೆಂಡಿನ ಜಾನ್ ನೆಲ್ಸನ್ ಡಾರ್ಬಿ 1830ರ ದಶಕದಲ್ಲಿ ಕಟ್ಟಿದ್ದು. ಡಾರ್ಬಿ ಕಾಲವನ್ನು ಯುಗಗಳಾಗಿ ವಿಂಗಡಿಸಿದರು; ಚರ್ಚಿಗೆ ಒಂದು ವಿಧಿ, ಇಸ್ರಾಯೇಲಿಗೆ ಬೇರೊಂದು ವಿಧಿ ಎಂದು ಪಾಲು ಮಾಡಿದರು; ಲೋಕಾಂತ್ಯಕ್ಕೆ ಮುಂಚಿನ ಮಹಾಸಂಕಟದ ಏಳು ವರ್ಷ ಶುರುವಾಗುವ ಮೊದಲೇ ನಿಜವಾದ ಭಕ್ತರು ಸದ್ದಿಲ್ಲದೆ ಮೇಲಕ್ಕೆ ಎತ್ತಲ್ಪಡುತ್ತಾರೆ ಎಂದರು. ಎರಡು ಸಾವಿರ ವರ್ಷದ ಧರ್ಮದಲ್ಲಿ ಇನ್ನೂರು ವರ್ಷವೂ ತುಂಬದ ಮಾತು ಇದು. ಇದಕ್ಕೆ ಆಧಾರವಾಗಿ ತೋರಿಸುವ ಥೆಸಲೊನೀಕದವರ ಪತ್ರದ ವಚನ ನಮ್ಮ ಕನ್ನಡ ಬೈಬಲಿನಲ್ಲಿ ಎಷ್ಟು ಸೊಗಸಾಗಿದೆ ಎಂದರೆ, ಭಕ್ತರು ‘ಮೇಘವಾಹನರಾಗಿ ಫಕ್ಕನೆ ಒಯ್ಯಲ್ಪಟ್ಟು’ ಹೋಗುತ್ತಾರೆ. ಇಂದ್ರನ ಬಿರುದನ್ನು ಕ್ರೈಸ್ತರಿಗೆ ತೊಡಿಸಿದ ಆ ಅನುವಾದಕನಿಗೆ ಒಂದು ನಮಸ್ಕಾರ.

ನಗುವ ಮೊದಲು ನಮ್ಮ ಮೈಲಾರವನ್ನು ನೆನೆಯಬೇಕು. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿ ಹೇಳುವುದು ಒಂದೇ ಸಾಲಿನ ಕಾರಣಿಕ. ಮಳೆಗೆ, ಬೆಳೆಗೆ, ಮುಖ್ಯಮಂತ್ರಿಯ ಕುರ್ಚಿಗೆ ಅದನ್ನು ಹೊಂದಿಸುವವರು ಕೆಳಗೆ ನಿಂತವರು. ಶಕ್ತಿ ಇರುವುದು ಸಾಲಿನಲ್ಲಲ್ಲ, ಟಿಪ್ಪಣಿಯಲ್ಲಿ. ಸ್ಕೋಫೀಲ್ಡ್ ಆ ಟಿಪ್ಪಣಿಯನ್ನು ಸಾಲಿನ ಪಕ್ಕದಲ್ಲೇ ಅಚ್ಚು ಹಾಕಿಸಿಬಿಟ್ಟರು.

1836ರ ಮಂಗಳೂರು

ಹುಡುಕುತ್ತಾ ಹೋದಂತೆ ದಾರಿ ನಮ್ಮೂರಿಗೇ ಬಂದು ನಿಂತಿತು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಬೋಧಕರಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದವರು. ಆ ಸೀಮೆಯ ದೊಡ್ಡ ವಿದ್ವಾಂಸ ಯೋಹಾನ್ ಆಲ್‌ಬ್ರೆಕ್ಟ್ ಬೆಂಗೆಲ್ ಹದಿನೆಂಟನೆಯ ಶತಮಾನದಲ್ಲಿ ಪ್ರಕಟನೆಯ ಸಂಖ್ಯೆಗಳನ್ನೆಲ್ಲ ಕೂಡಿಸಿ ಕಳೆದು, ಸಾವಿರ ವರ್ಷದ ಆಳ್ವಿಕೆ 1836ರಲ್ಲಿ ಶುರುವಾಗುತ್ತದೆ ಎಂದು ಲೆಕ್ಕ ಹಾಕಿದ್ದರು. ಅದನ್ನು ನಂಬಿ ಸಾವಿರಾರು ಜನ ಹೊಲಮನೆ ಮಾರಿ ಪೂರ್ವಕ್ಕೆ, ಕಾಕಸಸ್ ಬೆಟ್ಟಗಳ ಕಡೆಗೆ ವಲಸೆ ಹೋದರು. 1836 ಬಂತು, ಹೋಯಿತು. ಅದೇ ವರ್ಷ ವುರ್ಟೆಂಬರ್ಗಿನ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನ ಕಡೆಗೆ ಹಡಗು ಹತ್ತಿದರು. ಏಳು ವರ್ಷಗಳ ನಂತರ ಅವರಿಂದಲೇ ‘ಮಂಗಳೂರು ಸಮಾಚಾರ’ ಬಂತು. ಇನ್ನೊಬ್ಬ ವುರ್ಟೆಂಬರ್ಗಿನವರು, ಮಲಯಾಳದ ನಿಘಂಟುಕಾರ ಹೆರ್ಮನ್ ಗುಂಡರ್ಟ್, 1836ರಲ್ಲಿ ಭಾರತಕ್ಕೆ ಬಂದದ್ದು ಆಂಥನಿ ನಾರಿಸ್ ಗ್ರೋವ್ಸ್ ಅವರ ತಂಡದಲ್ಲಿ, ಅವರ ಗಂಡುಮಕ್ಕಳಿಗೆ ಪಾಠ ಹೇಳಲು. ಈ ಗ್ರೋವ್ಸ್, ಡಾರ್ಬಿಯ ಹಳೆಯ ಒಡನಾಡಿ. ಎರಡು ವರ್ಷ ಬಿಟ್ಟು ಗುಂಡರ್ಟ್ ಮಂಗಳೂರಿಗೆ ಬಂದು ಬಾಸೆಲ್ ಮಿಷನ್ ಸೇರಿದರು. ನನ್ನ ನೆರೆಮನೆಯ ಅಡಿಟಿಪ್ಪಣಿಗೂ ನನ್ನ ಊರಿಗೂ ನಡುವೆ ಇರುವುದು ಇಬ್ಬರೇ ಮನುಷ್ಯರು.

ಆದರೆ ಮಂಗಳೂರಿನಲ್ಲಿ ಅವರು ಏನು ಮಾಡಿದರು? ಅಚ್ಚುಕೂಟ ಹಾಕಿದರು, ನೇಯ್ಗೆ ಕಲಿಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನಾವು ಬೆಳೆದ ಮನೆಯ ಮಾಡಿನ ಒಂದು ಹಂಚು ಬಿರುಕು ಬಿಟ್ಟು ಇಳಿಸಿದಾಗ, ಪಾಚಿ ಉಜ್ಜಿದರೆ ‘ಬಾಸೆಲ್ ಮಿಷನ್’ ಎಂಬ ಅಕ್ಷರ ಬೆರಳಿಗೆ ತಾಗುತ್ತಿತ್ತು. ಓಣಿಯ ಪ್ರಾಟೆಸ್ಟೆಂಟ್ ಟೀಚರ್ ಒಬ್ಬರು ಎಲ್ಲದಕ್ಕೂ ‘ಕರ್ತನ ಬರೋಣದವರೆಗೆ’ ಎನ್ನುತ್ತಿದ್ದರು. ಈ ಚಾಪೆ ಕರ್ತನ ಬರೋಣದವರೆಗೆ ಬಾಳುತ್ತದೆ ನೋಡು, ಎಂಬಷ್ಟು ಸಲೀಸಾಗಿ. ಬರೋಣವೆಂಬ ಆ ಹಳೆಯ ಪದದಲ್ಲಿ ಅವಸರವಿರಲಿಲ್ಲ. ಅಂತ್ಯವನ್ನು ನಂಬುತ್ತಲೇ ಮಳೆಗಾಲ ತಡೆಯುವ ಹಂಚು ಸುಟ್ಟವರ ಮೊಮ್ಮಗಳು ಆ ಟೀಚರ್.

ಅದೇ ವುರ್ಟೆಂಬರ್ಗಿನ ಇನ್ನೊಂದು ಕವಲು, ‘ಟೆಂಪ್ಲರ್’ ಎಂದು ಕರೆದುಕೊಂಡವರು, ಕರ್ತನ ಬರೋಣಕ್ಕೆ ಪವಿತ್ರಭೂಮಿಯನ್ನು ಸಿದ್ಧ ಮಾಡಲು 1868ರಲ್ಲಿ ಹೈಫಾಕ್ಕೆ ಹೋಗಿ ನೆಲೆಸಿದರು. ಅವರ ಸರೋನಾ ಎಂಬ ಹಳ್ಳಿ ಇಂದು ಟೆಲ್ ಅವೀವ್ ನಗರದೊಳಗಿದೆ. ಅವರು ಬದುಕಿ ಬಾಳಿದ ನೆಲದ ಒಂದು ಭಾಗದಲ್ಲಿ ಈಗ ಇಸ್ರೇಲಿನ ಸೇನೆಯ ಕೇಂದ್ರ ಕಚೇರಿ.

ವೇಷ ಕಟ್ಟಿಸಿಕೊಂಡವರು

ಡಾರ್ಬಿಯ ಪ್ರಸಂಗದಲ್ಲಿ ಇಸ್ರೇಲ್ ಇಲ್ಲದೆ ಆಟವೇ ಇಲ್ಲ. ಯೆಹೂದ್ಯರು ಆ ನೆಲಕ್ಕೆ ಮರಳಬೇಕು, ದೇವಾಲಯ ಮತ್ತೆ ಏಳಬೇಕು, ಕ್ರಿಸ್ತವಿರೋಧಿ ಅದರೊಳಗೆ ಕೂರಬೇಕು. ಹೀಗಾಗಿ ಹರ್ಜ್‌ಲ್ ತನ್ನ ಯೆಹೂದ್ಯ ರಾಷ್ಟ್ರದ ಹೊತ್ತಗೆ ಬರೆಯುವುದಕ್ಕೆ ಐದು ವರ್ಷ ಮೊದಲೇ, 1891ರಲ್ಲಿ, ವಿಲಿಯಂ ಬ್ಲಾಕ್‌ಸ್ಟೋನ್ ಎಂಬ ಚಿಕಾಗೋದ ಬೋಧಕ ಅಧ್ಯಕ್ಷ ಹ್ಯಾರಿಸನ್‌ಗೆ ಮನವಿ ಸಲ್ಲಿಸಿದ್ದರು: ಪ್ಯಾಲೆಸ್ಟೀನನ್ನು ಯೆಹೂದ್ಯರಿಗೆ ಮರಳಿ ಕೊಡಿಸಿ ಎಂದು. ಸಹಿ ಹಾಕಿದ 413 ಜನರಲ್ಲಿ ರಾಕ್‌ಫೆಲ್ಲರ್ ಇದ್ದರು, ಜೆ.ಪಿ. ಮಾರ್ಗನ್ ಇದ್ದರು. 1948ರಲ್ಲಿ ಇಸ್ರೇಲ್ ಹುಟ್ಟಿದಾಗ, 1967ರಲ್ಲಿ ಜೆರುಸಲೇಮ್ ಪೂರ್ತಿ ಅದರ ಕೈಗೆ ಬಂದಾಗ, ಟಿಪ್ಪಣಿ ಓದಿ ಬೆಳೆದವರಿಗೆ ಅದು ಸುದ್ದಿಯಲ್ಲ, ರುಜುವಾತು. 1979ರಲ್ಲಿ ಬೋಧಕ ಜೆರ್ರಿ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ ಎಂಬ ರಾಜಕೀಯ ಸಂಘಟನೆ ಕಟ್ಟಿದರು, ಮರುವರ್ಷವೇ ಇಸ್ರೇಲಿನ ಪ್ರಧಾನಿ ಬೆಗಿನ್ ಕಡೆಯಿಂದ ಫಾಲ್ವೆಲ್ ಅವರಿಗೆ ಪದಕ ಬಂತು. 1984ರ ಚುನಾವಣಾ ಚರ್ಚೆಯಲ್ಲಿ ರೇಗನ್‌ಗೆ ಲೋಕಾಂತ್ಯದ ಮಹಾಯುದ್ಧವಾದ ಹರ್ಮಗೆದೋನಿನ ಬಗ್ಗೆಯೇ ಪ್ರಶ್ನೆ ಬಂತು. ಅದು ಸಾವಿರ ವರ್ಷ ದೂರವೋ, ನಾಳಿದ್ದೋ ಯಾರಿಗೂ ಗೊತ್ತಿಲ್ಲ ಎಂದರು. ಅಣ್ವಸ್ತ್ರದ ಗುಂಡಿಯಿದ್ದವರ ಬಾಯಲ್ಲಿ ‘ನಾಳಿದ್ದು’!

ಇಲ್ಲಿ ನನ್ನಂಥವರ ಕಡೆಯ ತಪ್ಪನ್ನೂ ಹೇಳಬೇಕು. ರೇಗನ್ ಸರಕಾರದಲ್ಲಿ ಒಳನಾಡು ಸಚಿವರಾಗಿದ್ದ ಜೇಮ್ಸ್ ವಾಟ್, ಕೊನೆಯ ಮರ ಕಡಿದ ಮೇಲೆ ಕ್ರಿಸ್ತ ಬರುತ್ತಾನೆ ಎಂದು ಹೇಳಿದರೆಂಬ ಕಥೆಯನ್ನು ನಾನೂ ಹತ್ತು ಕಡೆ ಹೇಳಿದ್ದೇನೆ. ಅವರು ಹಾಗೆ ಹೇಳಿರಲಿಲ್ಲ. 1981ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಅವರು ಹೇಳಿದ್ದು, ಕರ್ತ ಬರುವ ಮೊದಲು ಇನ್ನೆಷ್ಟು ತಲೆಮಾರುಗಳಿವೆಯೋ ಗೊತ್ತಿಲ್ಲ, ಎಷ್ಟೇ ಇದ್ದರೂ ಅವರಿಗೆ ಸಂಪತ್ತು ಉಳಿಯುವಂತೆ ನಿಭಾಯಿಸಬೇಕು ಎಂದು. ಮರದ ಕಥೆಯನ್ನು 2004ರಲ್ಲಿ ಎತ್ತಿ ಹೇಳಿದ ಹೆಸರಾಂತ ಪತ್ರಕರ್ತ ಬಿಲ್ ಮೋಯರ್ಸ್ ಮರುವರ್ಷ ವಾಟ್ ಅವರ ಕ್ಷಮೆ ಕೇಳಬೇಕಾಯಿತು. ಅಂತ್ಯಕಾಲದವರ ಬಗ್ಗೆ ನಾವೂ ನಮಗೆ ಬೇಕಾದ ವೇಷ ಕಟ್ಟುತ್ತೇವೆ. ಇಸ್ರೇಲನ್ನು ಬೆಂಬಲಿಸುವ ಇವಾಂಜೆಲಿಕಲ್ ಕ್ರೈಸ್ತರೆಲ್ಲ ಹರ್ಮಗೆದೋನಿಗೆ ತಿದಿ ಒತ್ತುತ್ತಿದ್ದಾರೆ ಎನ್ನುವುದೂ ಸುಳ್ಳು. ಅಬ್ರಹಾಮನ ಸಂತತಿಯನ್ನು ಹರಸುವವರನ್ನು ದೇವರು ಹರಸುತ್ತಾನೆ ಎಂಬ ಆದಿಕಾಂಡದ ಮಾತೇ ಬಹಳ ಮಂದಿಗೆ ಸಾಕು. ಆದರೂ ಪ್ಯೂ ಸಂಶೋಧನಾ ಸಂಸ್ಥೆಯ 2022ರ ಸಮೀಕ್ಷೆಯಲ್ಲಿ ‘ನಾವು ಅಂತ್ಯಕಾಲದಲ್ಲಿ ಬದುಕುತ್ತಿದ್ದೇವೆ’ ಎಂದ ಅಮೆರಿಕನ್ನರು ಶೇಕಡಾ 39. ಇವಾಂಜೆಲಿಕಲರಲ್ಲಿ ಶೇಕಡಾ 63. ಮತಪೆಟ್ಟಿಗೆಗೆ ಇದು ಸಣ್ಣ ಸಂಖ್ಯೆಯಲ್ಲ.

2018ರ ಮೇ 14ರಂದು ಅಮೆರಿಕದ ರಾಯಭಾರ ಕಚೇರಿ ಜೆರುಸಲೇಮಿನಲ್ಲಿ ತೆರೆದಾಗ ಆರಂಭದ ಪ್ರಾರ್ಥನೆ ಡಲ್ಲಾಸಿನ ಪಾಸ್ಟರ್ ರಾಬರ್ಟ್ ಜೆಫ್ರಿಸ್ ಅವರದು, ಮುಕ್ತಾಯದ್ದು ಸ್ಯಾನ್ ಆಂಟೋನಿಯೋದ ಹೇಗೀ ಅವರದು. ಇಬ್ಬರೂ ನಮ್ಮ ಟೆಕ್ಸಾಸಿನವರು. ಯೆಹೂದ್ಯನಾಗಿದ್ದುಕೊಂಡು ರಕ್ಷಣೆ ಸಿಗದು ಎಂದು ಜೆಫ್ರಿಸ್ ಕೆಲವು ವರ್ಷ ಹಿಂದೆ ಹೇಳಿದ್ದರು. ಅದೇ ದಿನ ಗಾಜಾದ ಗಡಿಯಲ್ಲಿ ಸುಮಾರು 60 ಜನ ಗುಂಡಿಗೆ ಸತ್ತರು. 2022ರ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸಿನಿಂದಲೇ ಐದು ಕೆಂಪು ಕಡಸುಗಳು ವಿಮಾನ ಹತ್ತಿ ಇಸ್ರೇಲಿಗೆ ಹೋದವು. ನೊಗ ಹೊರದ, ಕಳಂಕವಿಲ್ಲದ ಕೆಂಪು ಕಡಸಿನ ಬೂದಿ ಇಲ್ಲದೆ ಹೊಸ ದೇವಾಲಯಕ್ಕೆ ಬೇಕಾದ ಶುದ್ಧಿಯಾಗದು ಎಂಬುದು ಬೈಬಲಿನ ಅರಣ್ಯಕಾಂಡದ ವಿಧಿಯನ್ನು ಆಧರಿಸಿದ ನಂಬಿಕೆ; ಬೇರೆ ಬಣ್ಣದ ಎರಡು ಕೂದಲು ಕಂಡರೂ ಅನರ್ಹ. ಅಜ್ಜನ ಹಟ್ಟಿಯಲ್ಲಿ ಕೆಂಪಿಯೊಂದಿಗೆ ಬೆಳೆದ ನನಗೆ, ಭೂತಗನ್ನಡಿ ಹಿಡಿದು ಕಡಸಿನ ಬಾಲ ಪರೀಕ್ಷಿಸುವವರ ಚಿತ್ರ ನಗು ತರಿಸಿತ್ತು. 2024ರ ಜನವರಿಯಲ್ಲಿ, ಯುದ್ಧದ ನೂರನೆಯ ದಿನ, ಹಮಾಸ್ ವಕ್ತಾರ ತನ್ನ ಭಾಷಣದಲ್ಲಿ ‘ಕೆಂಪು ಹಸುಗಳ’ ಹೆಸರೆತ್ತಿದ ಮೇಲೆ ನಗು ನಿಂತಿತು.

2025ರ ಜೂನ್ ಕೊನೆಯ ಬುಧವಾರ ನೆರೆಮನೆಯಾಕೆ ನನ್ನನ್ನು ತಮ್ಮ ಬೈಬಲ್ ತರಗತಿಗೆ ಕರೆದೊಯ್ದರು. ಇರಾನಿನ ಮೂರು ಅಣುಸ್ಥಾವರಗಳ ಮೇಲೆ ಅಮೆರಿಕ ಬಾಂಬು ಹಾಕಿ ಮೂರು ದಿನವಾಗಿತ್ತು. ಚರ್ಚಿನ ಹಿಂದಿನ ಕೋಣೆ, ಉದ್ದ ಮೇಜು, ಕಾಗದದ ತಟ್ಟೆಯಲ್ಲಿ ಪೀಚ್ ಹಣ್ಣಿನ ಸಿಹಿ. ಗೋಡೆಯ ತುಂಬ ಒಂದು ನಕ್ಷೆ: ಏದೆನಿನಿಂದ ಹಿಡಿದು ಹೊಸ ಜೆರುಸಲೇಮಿನವರೆಗೆ ಏಳು ಯುಗಗಳ ಏಳು ವೃತ್ತ. ಆರನೆಯದರ ಅಂಚಿನಲ್ಲಿ ಯಾರೋ ಒಂದು ಗುಂಡುಸೂಜಿ ಚುಚ್ಚಿದ್ದರು. ‘ನಾವು ಇಲ್ಲಿದ್ದೇವೆ.’ ಪಾಠ ಹೇಳುತ್ತಿದ್ದ ಹಿರಿಯರು ಯೆಹೆಜ್ಕೇಲ ಮೂವತ್ತೆಂಟನ್ನು ತೆರೆದು, ಇಸ್ರೇಲಿನ ಮೇಲೆ ಏರಿಬರುವ ಗೋಗನ ದಂಡಿನಲ್ಲಿ ಬರುವ ‘ಪರ್ಷಿಯ’ ಎಂಬ ಪದದ ಮೇಲೆ ಬೆರಳಿಟ್ಟರು. ಬೇರೇನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕೋಣೆಯಲ್ಲಿ ಭಯವಿರಲಿಲ್ಲ, ಅದೇ ನನ್ನನ್ನು ಕಲಕಿದ್ದು. ಧಾರಾವಾಹಿಯ ಕೊನೆಯ ಕಂತುಗಳನ್ನು ನೋಡುವವರ ನೆಮ್ಮದಿ ಅಲ್ಲಿತ್ತು. ಬ್ಯಾಪ್ಟಿಸ್ಟ್ ಪಾಸ್ಟರ್ ಆಗಿದ್ದ, ಇಸ್ರೇಲಿಗೆ ಅಮೆರಿಕದ ರಾಯಭಾರಿ ಮೈಕ್ ಹಕಬೀ ಆ ವಾರದ ಹಿಂದೆ ಟ್ರಂಪ್‌ಗೆ ಕಳಿಸಿದ, ಸ್ವರ್ಗದ ದನಿ ನಿಮಗೆ ಕೇಳಿಸುತ್ತದೆ ಎಂಬ ಅರ್ಥದ ಸಂದೇಶವನ್ನು ಟ್ರಂಪ್ ತಾವೇ ಬಹಿರಂಗ ಮಾಡಿದ್ದರು. ಅದನ್ನೂ ಒಬ್ಬರು ಮೊಬೈಲ್‌ನಲ್ಲಿ ಓದಿ ಹೇಳಿದರು.

ಮನೆಗೆ ಬರುವಾಗ ಕಾರಿನಲ್ಲಿ ಕೇಳಿದೆ. ಜೆಕರ್ಯನ ಹದಿಮೂರನೆಯ ಅಧ್ಯಾಯದಂತೆ ಆ ನೆಲದಲ್ಲಿ ಮೂರರಲ್ಲಿ ಎರಡು ಪಾಲು ಜನ ಸಾಯುತ್ತಾರೆ ಎಂದರಲ್ಲ, ಸಾಯುವವರು ನೀವು ಪ್ರೀತಿಸುವ ಯೆಹೂದ್ಯರೇ ಅಲ್ಲವೇ? ಉಳಿದವರು ಕ್ರಿಸ್ತನನ್ನು ಒಪ್ಪುತ್ತಾರೆ ಎಂದರು. ಬೆತ್ಲೆಹೇಮಿನಲ್ಲೇ ಇರುವ ಕ್ರೈಸ್ತರು? ಅಲ್ಲಿಯ ಲೂಥರನ್ ಪಾಸ್ಟರ್ ಮುಂತರ್ ಐಸಾಕ್ 2023ರ ಕ್ರಿಸ್‌ಮಸ್‌ಗೆ ಗೋದಲಿಯ ಬದಲು ಕಾಂಕ್ರೀಟಿನ ಅವಶೇಷಗಳ ನಡುವೆ ಶಿಶುವನ್ನು ಮಲಗಿಸಿದ ಚಿತ್ರ ತೋರಿಸಿದೆ. ಜೆರುಸಲೇಮಿನ ಬಿಷಪ್ಪರು 2006ರಲ್ಲೇ ಈ ‘ಕ್ರೈಸ್ತ ಜಿಯೋನಿಸಂ’ ಸುಳ್ಳು ಬೋಧನೆ ಎಂದು ಹೇಳಿಕೆ ಹೊರಡಿಸಿದ್ದನ್ನೂ ಹೇಳಿದೆ. ಆಕೆ ಬಹಳ ಹೊತ್ತು ಕಿಟಕಿಯಾಚೆ ನೋಡಿದರು. “ಅಲ್ಲಿ ಕ್ರೈಸ್ತರಿದ್ದಾರೆ ಎಂದು ನಮಗೆ ಯಾರೂ ಹೇಳಿರಲಿಲ್ಲ” ಎಂದರು. ಎಪ್ಪತ್ತು ವರ್ಷ ಬೆತ್ಲೆಹೇಮಿನ ಹಾಡು ಹಾಡಿದವರು. ನನಗೆ ಸಿಕ್ಕಿದ್ದು ಕೊನೆಗೂ ನಾಯಿಗೆ ಊಟ ಹಾಕುವ ವೇಷ. ಬೆತ್ಲೆಹೇಮಿನವರಿಗೆ ಪ್ರಸಂಗದಲ್ಲಿ ವೇಷವೇ ಇಲ್ಲ.

ಇಲ್ಲೇ ಇರುತ್ತೇವೆ ಎನ್ನುವವರು

ಈಗೀಗ ಗಾಳಿ ತಿರುಗಿದೆ. ಕಚೇರಿಯಲ್ಲಿ ನನ್ನೊಂದಿಗೆ ಕೆಲಸ ಮಾಡುವ ಹುಡುಗ, ವಯಸ್ಸು ಮೂವತ್ತಮೂರು, ಐದು ಮಕ್ಕಳು, ಇಂಥದೇ ಚರ್ಚಿನಲ್ಲಿ ಬೆಳೆದವನು. ಮಾಯವಾಗುವ ಕಥೆ ಅಳುಬುರುಕರದು ಎನ್ನುತ್ತಾನೆ. ಅವನು ಓದುವುದು ಐಡಹೋ ರಾಜ್ಯದ ಮಾಸ್ಕೋ ಎಂಬ ಊರಿನ ಪಾಸ್ಟರ್ ಡಗ್ ವಿಲ್ಸನ್ ಅವರನ್ನು. ಅವರು ‘ಆಮೇಲೆ’ ಎನ್ನುವ ಪಂಗಡ. ಫಿನ್ನಿಯ ಕ್ಯಾಲೆಂಡರೇ, ಆದರೆ ಗುರಿ ಬೇರೆ. ವಿಲ್ಸನ್ ಸಹಸ್ಥಾಪಕರಾದ ಪಂಗಡದ ಟೆನೆಸಿಯ ಚರ್ಚೊಂದಕ್ಕೆ ಸೇರಿದವರು ರಕ್ಷಣಾ ಸಚಿವ ಪೀಟ್ ಹೆಗ್‌ಸೆತ್. ಒಂದೇ ಸರಕಾರದಲ್ಲಿ ಎರಡು ಕ್ಯಾಲೆಂಡರು: ಜೆರುಸಲೇಮಿನಲ್ಲಿ ಕುಳಿತ ರಾಯಭಾರಿಯದೊಂದು, ಸೇನೆ ನಡೆಸುವ ಸಚಿವರ ಚರ್ಚಿನದು ಇನ್ನೊಂದು. ಶಾಸ್ತ್ರಾರ್ಥಕ್ಕೆ ಕುಳಿತರೆ ಇಬ್ಬರೂ ಒಪ್ಪಲಾರರು, ಮತಗಟ್ಟೆಯಲ್ಲಿ ಮಾತ್ರ ಒಂದೇ ಸಾಲು.

ಹುಡುಗ ಮನೆಯ ಹಿಂದೆ ಪೆಕಾನ್ ಸಸಿಗಳನ್ನು ನೆಟ್ಟಿದ್ದಾನೆ. ಕಾಯಿ ಬಿಡಲು ಹತ್ತು ವರ್ಷ ಬೇಕು, ಪರವಾಗಿಲ್ಲ, ಕ್ರಿಸ್ತನ ರಾಜ್ಯ ಭೂಮಿಯನ್ನು ತುಂಬಲು ಇನ್ನೂ ಸಾವಿರಾರು ವರ್ಷ ಇದೆ ಎನ್ನುತ್ತಾನೆ. ಆ ತಾಳ್ಮೆ ನನಗೆ ಇಷ್ಟವಾಗಿತ್ತು. ಹಂಚು ಸುಟ್ಟವರ ನೆನಪಾಗಿತ್ತು. ಊಟದ ಮೇಜಿನಲ್ಲಿ ಒಮ್ಮೆ ಕೇಳಿದೆ. ಹೂಸ್ಟನ್ ಬಳಿಯ ಶುಗರ್‌ಲ್ಯಾಂಡಿನ ತೊಂಬತ್ತು ಅಡಿ ಹನುಮಂತನನ್ನು ಯಾಕೆ ಬಿಟ್ಟುಕೊಂಡಿದ್ದೇವೆ ಎಂದು ಚುನಾವಣೆಗೆ ನಿಲ್ಲಲು ಹೊರಟ ಒಬ್ಬರು ಗದ್ದಲ ಎಬ್ಬಿಸಿದ ವಾರ ಅದು. ನಿಮ್ಮ ರಾಜ್ಯ ಬಂದಾಗ ನಮ್ಮ ದೇವಸ್ಥಾನಗಳು ಏನಾಗುತ್ತವೆ? ಅವನು ಒಳ್ಳೆಯ ಹುಡುಗ, ಮುಜುಗರಪಟ್ಟ. “ಯಾರೂ ಒಡೆಯುವುದಿಲ್ಲ” ಎಂದ. ಸ್ಯಾಂಡ್‌ವಿಚ್ ಮುಗಿಸಿ ಕೈ ಒರೆಸಿಕೊಂಡು ಸೇರಿಸಿದ, “ಕಾಲಕ್ರಮೇಣ ಅವು ಬೇಕೆನಿಸುವುದಿಲ್ಲ, ಅಷ್ಟೆ.” ಒಡೆದ ಹಡಗಿನವರು ನನ್ನನ್ನು ಬಿಟ್ಟು ಹೋಗುತ್ತಾರೆ, ಮನೆ ಗುಡಿಸುವವರು ನನ್ನನ್ನೂ ಸೇರಿಸಿ ಗುಡಿಸುತ್ತಾರೆ. ಆಯ್ಕೆ ಕೊಟ್ಟರೆ ಬೀಗದ ಕೈ ಕೊಟ್ಟವರೇ ನನಗಿರಲಿ.

ಮೇಜಿನ ಕೆಳಗಿನ ಪೆಟ್ಟಿಗೆ

2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿತು. ಡಲ್ಲಾಸಿನಲ್ಲಿ ಮೈನಸ್ 19 ಡಿಗ್ರಿ. ಕರೆಂಟು ಹೋಯಿತು, ನಲ್ಲಿ ಕಟ್ಟಿತು, ಕಿಟಕಿಯ ಒಳಮೈಯಲ್ಲಿ ಮಂಜಿನ ಹರಳು. ಮೂರನೆಯ ಸಂಜೆ ಆಕೆ ಬಾಗಿಲು ತಟ್ಟಿ, ತಮ್ಮ ಮನೆಯಲ್ಲಿ ಗ್ಯಾಸಿನ ಒಲೆಯಿದೆ, ಬನ್ನಿ ಎಂದರು. ಆಕೆಯ ಗಂಡ ಊಟದ ಕೋಣೆಯ ಮೇಜಿನ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಎಳೆದರು. ಹುರುಳಿಯಂಥ ಕಾಳಿನ ಡಬ್ಬಿಗಳು, ಟೊಮೆಟೊ, ಜೋಳ, ಮೇಣದಬತ್ತಿ, ನಾಯಿಯ ತಿಂಡಿಯ ದೊಡ್ಡ ಚೀಲ. ಇಷ್ಟೊಂದು ಯಾಕೆ ಕೂಡಿಟ್ಟಿರಿ, ಸಂಕಟ ಬರುವ ಮೊದಲೇ ನೀವು ಹೋಗಿಬಿಡುತ್ತೀರಲ್ಲ ಎಂದು ತಮಾಷೆಗೆ ಕೇಳಿದೆ. ಆಕೆ ನನ್ನನ್ನು ನೋಡಿದ ರೀತಿಯಲ್ಲಿ ಉತ್ತರವಿತ್ತು. ಡಬ್ಬಿಗಳ ತಳದಲ್ಲಿ ಒಂದು ಬಿಳಿ ಲಕೋಟೆಯಿತ್ತು, ಮೇಲೆ ನನ್ನ ಹೆಸರು, ಕಾಗುಣಿತ ತಪ್ಪಾಗಿ. ಆಕೆ ಅದನ್ನು ಮೆಲ್ಲಗೆ ಎತ್ತಿ ಕಪಾಟಿನಲ್ಲಿಟ್ಟು, ಡಬ್ಬಿ ತೆರೆಯುವ ಸಾಧನ ಎಲ್ಲಿ ಹಾಳಾಯಿತೋ ಎಂದು ಹುಡುಕತೊಡಗಿದರು. ಅಂದು ರಾತ್ರಿ ನಾವು ನಾಲ್ವರು ಮತ್ತು ನಾಯಿ, ಲೋಕ ಮುಗಿದ ಮೇಲೆ ನಾನು ಉಣ್ಣಬೇಕಿದ್ದ ಕಾಳನ್ನು ನನ್ನ ಸಾಂಬಾರು ಪುಡಿ ಹಾಕಿ ಕುದಿಸಿ ಉಂಡೆವು.

2025ರ ಸೆಪ್ಟೆಂಬರ್‌ನಲ್ಲಿ, ದಕ್ಷಿಣ ಆಫ್ರಿಕಾದ ಬೋಧಕನೊಬ್ಬ 23 ಅಥವಾ 24ಕ್ಕೆ ಎಲ್ಲರೂ ಎತ್ತಲ್ಪಡುತ್ತಾರೆಂದು ಹೇಳಿದ ವೀಡಿಯೊ ಲೋಕವೆಲ್ಲ ಸುತ್ತಿದಾಗ, ಆಕೆಗೆ ತೋರಿಸಿದೆ. ಮೂಗು ಮುರಿದರು. ಆ ದಿನ ಯಾರಿಗೂ ತಿಳಿಯದು ಎಂದು ಕರ್ತನೇ ಹೇಳಿದ್ದಾನೆ, ಇವನು ಯಾರು ಎಂದರು. 2015ರ ನೀಲಿ ಗೌನನ್ನು ನಾನು ನೆನಪಿಸಲಿಲ್ಲ.

ಕಳೆದ ತಿಂಗಳು ಅವರ ಮುಂಬಾಗಿಲಿನ ಬೀಗ ಕೆಟ್ಟು ಹೊಸದನ್ನು ಹಾಕಿಸಿದರು. ಆ ಸಂಜೆಯೇ ಬಂದು ಕೊಕ್ಕೆಯಿಂದ ಹಳೆಯ ಬೀಗದ ಕೈ ತೆಗೆದು ಹೊಸದನ್ನು ತಗುಲಿಸಿದರು. ನಾಯಿ ಸತ್ತು ಎರಡು ವರ್ಷವಾಗಿದೆ. ಇನ್ನು ಯಾತಕ್ಕೆ ಎಂದು ಕೇಳಿದೆ.

“ಟೊಮೆಟೊ ಗಿಡಗಳಿವೆಯಲ್ಲ” ಎಂದರು. “ಈ ಬಿಸಿಲಿಗೆ ಎರಡು ದಿನ ನೀರಿಲ್ಲದಿದ್ದರೆ ಒಣಗಿ ಹೋಗುತ್ತವೆ.”